ವೈದ್ಯರ ಮುಂದೆ ಮೌನ ಸಲ್ಲದು

ಹೊಲ ಕೊಳ್ಳುವ ಮುನ್ನ ನಾವು ನಾಲ್ಕು ಜನರನ್ನು ವಿಚಾರಿಸುತ್ತೇವೆ. ಪಹಣಿ ಪತ್ರ ತೆಗೆಸಿ ನೋಡುತ್ತೇವೆ, ಬದುವಿನ ಗುಂಟ ನಡೆದಾಡಿ ಬರುತ್ತೇವೆ. ಮಗಳಿಗೆ ವರನನ್ನು ನೋಡುವಾಗಲಂತೂ ಆ ಮನೆತನದ ಮೂರು ತಲೆಮಾರಿನ ವಿವರ ನಮಗೆ ಬೇಕು. ಆದರೆ ಪ್ರಾಣಕ್ಕೆ ಸಂಬಂಧಿಸಿದ ವಿಷಯದಲ್ಲಿ ಮಾತ್ರ ನಾವು ಯಾವ ಸಿದ್ಧತೆಯೂ ಇಲ್ಲದೆ ಹೊರಡುತ್ತೇವೆ. ಯಾರೋ ಹೇಳಿದ ವೈದ್ಯರ ಬಳಿಗೆ ಹೋಗಿ, ಅವರು ಕೇಳಿದ್ದಕ್ಕಷ್ಟೇ ಉತ್ತರಿಸಿ, ಚೀಟಿ ಹಿಡಿದು ಮರಳುತ್ತೇವೆ. ಹೇಳಬೇಕಾಗಿದ್ದ ಮುಖ್ಯವಾದ ಮಾತು ನೆನಪಾಗುವುದು ಬಸ್ಸು ಹತ್ತಿದ ಮೇಲೆ.

ಮೂರೂವರೆ ದಶಕಗಳಿಂದ ಆಯುರ್ವೇದ ವೈದ್ಯವೃತ್ತಿಯಲ್ಲಿರುವ ನಾನು ಈ ಮಾತನ್ನು ಇತರರ ತಪ್ಪನ್ನು ಎತ್ತಿ ತೋರಿಸಲೆಂದು ಹೇಳುತ್ತಿಲ್ಲ. ಇದರಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ಓದುಗರ ಮುಂದಿಟ್ಟು ವಿಷಯಕ್ಕೆ ಬರುತ್ತೇನೆ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಸಮೀಪದ ಹಳ್ಳಿಯಿಂದ ಐವತ್ತೈದರ ಆಸುಪಾಸಿನ ತಾಯಿಯೊಬ್ಬರು ಮಗನೊಂದಿಗೆ ನನ್ನ ಚಿಕಿತ್ಸಾಲಯಕ್ಕೆ ಬಂದರು. ‘ಭಾಳ ನಿಶ್ಶಕ್ತಿ ಐತ್ರಿ, ನಾಕ ಹೆಜ್ಜಿ ನಡದ್ರ ದಮ್ಮು ಹತ್ತತೈತಿ’ ಎಂದರು. ಕಣ್ಣಿನ ಕೆಳರೆಪ್ಪೆ, ನಾಲಿಗೆ, ಉಗುರು ಎಲ್ಲವೂ ಬಿಳಿಚಿಕೊಂಡಿದ್ದವು. ಪಾಂಡುರೋಗವೆಂದು ನಿರ್ಣಯಿಸಿ ಪುನರ್ನವಾ ಮಂಡೂರ, ಲೋಹಾಸವಗಳನ್ನು ಕೊಟ್ಟೆ. ಆಹಾರದ ಕ್ರಮವನ್ನೂ ತಿಳಿಸಿದೆ. ತಿಂಗಳಾದರೂ ಗುಣ ಕಾಣಲಿಲ್ಲ. ಔಷಧಿಯ ಪ್ರಮಾಣ ಬದಲಿಸಿದೆ. ಹೀಗೆ ಮೂರು ತಿಂಗಳು ಕಳೆದವು. ಕೊನೆಗೆ ಸತ್ಯವನ್ನು ಹೊರಗೆಳೆದವರು ಆ ಹಳ್ಳಿಯ ಆರೋಗ್ಯ ಸಹಾಯಕಿ. ಮುಟ್ಟು ನಿಂತು ಆರೇಳು ವರ್ಷಗಳಾಗಿದ್ದ ಆ ತಾಯಿಗೆ ವರ್ಷದಿಂದ ಆಗಾಗ ರಕ್ತಸ್ರಾವವಾಗುತ್ತಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಅದು ಗರ್ಭಕೊರಳಿನ ಕ್ಯಾನ್ಸರ್ ಎಂದು ತಿಳಿಯಿತು. ರೋಗ ಆಗಲೇ ಬಹಳ ಮುಂದುವರಿದಿತ್ತು.

ಕರೆಂಟ್ ಚಿಕಿತ್ಸೆ ಮುಗಿಸಿ ಬಂದ ಮೇಲೆ ಅವರು ಒಮ್ಮೆ ನನ್ನನ್ನು ಕಾಣಲು ಬಂದಿದ್ದರು. ‘ಅವ್ವಾ, ಈ ಮಾತು ನನಗೇಕೆ ಹೇಳಲಿಲ್ಲ?’ ಎಂದು ಕೇಳಿದೆ. ಅವರು ಕೋಪವಿಲ್ಲದೆ, ತಲೆ ತಗ್ಗಿಸಿ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: ‘ನೀವು ಕೇಳಲಿಲ್ರಿ ಸಾಹೇಬ್ರ. ಬಾಜೂಕ ಮಗಾ ನಿಂತಿದ್ದ. ನಾ ಹ್ಯಾಂಗ ಹೇಳ್ಲಿ?’

ಎರಡು ವರ್ಷಗಳ ನಂತರ ಅವರು ತೀರಿಕೊಂಡರು. ಮೂರು ತಿಂಗಳು ಮೊದಲೇ ತಿಳಿದಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ಹೇಳಲಾರೆ. ಆದರೆ ಆ ಮೂರು ತಿಂಗಳು ಅವರ ಬದುಕಿನಿಂದ ಕಳೆದುಹೋದದ್ದು ಎರಡು ಮೌನಗಳಿಂದ. ಒಂದು ಅವರದು, ಇನ್ನೊಂದು ನನ್ನದು. ಅವರ ಮೌನಕ್ಕೆ ಸಂಕೋಚ ಕಾರಣ. ನನ್ನದಕ್ಕೆ ಅಂತಹ ಯಾವ ಕಾರಣವೂ ಇರಲಿಲ್ಲ.

ಚಿಕಿತ್ಸೆಯಲ್ಲಿ ರೋಗಿಯ ಪಾಲು

ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಲಾಗಿದೆ. ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಒಂದೊಂದು ಪಾದಕ್ಕೂ ನಾಲ್ಕು ಗುಣಗಳಂತೆ ಒಟ್ಟು ಹದಿನಾರು ಗುಣಗಳು ಕೂಡಿದಾಗ ಚಿಕಿತ್ಸೆ ಫಲಿಸುತ್ತದೆ ಎಂಬುದು ಆಚಾರ್ಯರ ಅಭಿಪ್ರಾಯ. ರೋಗಿಯನ್ನು ಅವರು ಸುಮ್ಮನೆ ಮಲಗಿ ಔಷಧ ಸ್ವೀಕರಿಸುವವನೆಂದು ಬಗೆಯಲಿಲ್ಲ. ವೈದ್ಯನಿಗೆ ಎಷ್ಟು ಹೊಣೆಗಳಿವೆಯೋ ರೋಗಿಗೂ ಅಷ್ಟೇ ಹೊಣೆಗಳನ್ನು ವಹಿಸಿದರು.

ರೋಗಿಯ ಆ ನಾಲ್ಕು ಗುಣಗಳು ಯಾವುವು? ಸ್ಮೃತಿ, ಅಂದರೆ ನಡೆದದ್ದನ್ನು ನೆನಪಿಟ್ಟುಕೊಳ್ಳುವುದು. ನಿರ್ದೇಶಕಾರಿತ್ವ, ಅಂದರೆ ಸೂಚನೆಯಂತೆ ನಡೆಯುವುದು. ಅಭೀರುತ್ವ, ಅಂದರೆ ಭಯಪಡದಿರುವುದು. ಜ್ಞಾಪಕತ್ವ, ಅಂದರೆ ತನಗಾಗುತ್ತಿರುವುದನ್ನು ವೈದ್ಯನಿಗೆ ತಿಳಿಯುವಂತೆ ಹೇಳುವುದು. ಇವುಗಳಲ್ಲಿ ನೆನಪು ಮತ್ತು ಹೇಳಿಕೆ ಇವೆರಡನ್ನು ನಾವು ಮನೆಯಲ್ಲಿಯೇ, ಆಸ್ಪತ್ರೆಗೆ ಹೊರಡುವ ಹಿಂದಿನ ರಾತ್ರಿ, ಒಂದು ಕಾಗದ ಮತ್ತು ಪೆನ್ನಿನ ನೆರವಿನಿಂದ ಸಿದ್ಧಪಡಿಸಿಕೊಳ್ಳಬಹುದು. ಅದಕ್ಕೆ ಹಣ ಬೇಕಿಲ್ಲ, ಹೆಚ್ಚಿನ ವಿದ್ಯೆಯೂ ಬೇಕಿಲ್ಲ.

ಯಾರನ್ನು ಆರಿಸಬೇಕು?

ವೈದ್ಯನಿಗೂ ಚರಕರು ನಾಲ್ಕು ಗುಣಗಳನ್ನು ಹೇಳಿದ್ದಾರೆ: ನಿರ್ಮಲವಾದ ಶಾಸ್ತ್ರಜ್ಞಾನ, ಬಹಳಷ್ಟು ಕಂಡು ಮಾಡಿದ ಅನುಭವ, ದಕ್ಷತೆ ಮತ್ತು ಶುಚಿತ್ವ. ಇಂದಿನ ದಿನಮಾನದಲ್ಲಿ ಇವುಗಳನ್ನು ಸಾಮಾನ್ಯ ಜನರು ಗುರುತಿಸುವುದು ಹೇಗೆ?

ಮೊದಲನೆಯದಾಗಿ, ನೋಂದಣಿಯನ್ನು ನೋಡಬೇಕು. ನಮ್ಮ ರಾಜ್ಯದಲ್ಲಿ ಎಂ.ಬಿ.ಬಿ.ಎಸ್. ಪದವೀಧರರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿಯೂ ನನ್ನಂತಹ ಬಿ.ಎ.ಎಂ.ಎಸ್. ಪದವೀಧರರು ಆಯುರ್ವೇದ ಮತ್ತು ಯುನಾನಿ ವೈದ್ಯ ಮಂಡಳಿಯಲ್ಲಿಯೂ ನೋಂದಾಯಿಸಿಕೊಂಡಿರಬೇಕು. ಹೋಮಿಯೋಪತಿಗೆ ಪ್ರತ್ಯೇಕ ಮಂಡಳಿಯಿದೆ. ಖಾಸಗಿ ಚಿಕಿತ್ಸಾಲಯಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ನೋಂದಣಿ ಪಡೆದು, ಆ ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಗೋಡೆಯ ಮೇಲಿನ ಈ ಪತ್ರವನ್ನು ಓದುವುದು ವೈದ್ಯರಿಗೆ ಮಾಡುವ ಅವಮಾನವಲ್ಲ. ಓದಲೆಂದೇ ಅದನ್ನು ಅಲ್ಲಿ ಹಾಕಿರುತ್ತಾರೆ.

ಎರಡನೆಯದಾಗಿ, ಅವರು ಕೇಳುತ್ತಾರೆಯೇ, ನೋಡುತ್ತಾರೆಯೇ, ಮುಟ್ಟಿ ಪರೀಕ್ಷಿಸುತ್ತಾರೆಯೇ ಎಂಬುದನ್ನು ಗಮನಿಸಿ. ದರ್ಶನ, ಸ್ಪರ್ಶನ, ಪ್ರಶ್ನೆ ಎಂಬ ಮೂರು ವಿಧದ ಪರೀಕ್ಷೆಗಳು ಆಯುರ್ವೇದಕ್ಕೂ ಆಧುನಿಕ ವೈದ್ಯಕ್ಕೂ ಸಮಾನವಾದವು. ‘ನೀವೇನೂ ಹೇಳಬೇಡಿ, ನಾಡಿ ಹಿಡಿದೇ ಎಲ್ಲವನ್ನೂ ಹೇಳಿಬಿಡುತ್ತೇನೆ’ ಎನ್ನುವವರ ಬಗೆಗೆ ಎಚ್ಚರವಿರಲಿ. ನಾಡಿ ಪರೀಕ್ಷೆಯನ್ನು ನಾನೂ ಮಾಡುತ್ತೇನೆ. ಅದರ ಬಗೆಗೆ ನನಗೆ ಗೌರವವಿದೆ. ಆದರೆ ನಾಡಿಯ ವಿವರವಾದ ವರ್ಣನೆ ಚರಕ, ಸುಶ್ರುತರ ಗ್ರಂಥಗಳಲ್ಲಿಲ್ಲ. ಅದು ಅವರಿಗಿಂತ ಬಹು ಶತಮಾನಗಳ ಈಚಿನ ಶಾರ್ಙ್ಗಧರ ಸಂಹಿತೆಯಲ್ಲಿ ದೊರೆಯುತ್ತದೆ. ಅಲ್ಲಿಯವರೆಗೆ ನಮ್ಮ ಪೂರ್ವಾಚಾರ್ಯರು ರೋಗಿಯ ಮಾತನ್ನು ಕೇಳಿ, ಕಂಡು, ಮುಟ್ಟಿಯೇ ಚಿಕಿತ್ಸೆ ಮಾಡಿದರು.

ಮೂರನೆಯದಾಗಿ, ಖಚಿತ ಭರವಸೆ ಕೊಡುವವರಿಂದ ದೂರವಿರಿ. ಮಧುಮೇಹ, ಕ್ಯಾನ್ಸರ್, ಮೂರ್ಛೆರೋಗ, ಪಾರ್ಶ್ವವಾಯು ಮುಂತಾದ ರೋಗಗಳನ್ನು ವಾಸಿ ಮಾಡುತ್ತೇವೆಂದು ಔಷಧಿಯ ಜಾಹೀರಾತು ನೀಡುವುದನ್ನು 1954ರ ಕೇಂದ್ರ ಕಾಯ್ದೆ ನಿಷೇಧಿಸುತ್ತದೆ. ಆದರೂ ಬಸ್ ನಿಲ್ದಾಣದ ಗೋಡೆಗಳ ಮೇಲೆ, ಈಗ ಮೊಬೈಲಿನಲ್ಲಿ, ಅಂತಹ ಜಾಹೀರಾತುಗಳಿಗೆ ಬರವಿಲ್ಲ. ‘ಇದು ನನ್ನಿಂದ ಆಗದು, ಇಂಥವರ ಬಳಿಗೆ ಹೋಗಿ’ ಎಂದು ಹೇಳುವ ವೈದ್ಯರನ್ನು ಜನರು ಕೈಲಾಗದವರೆಂದು ತಿಳಿಯುತ್ತಾರೆ. ನನ್ನ ಅನುಭವದಲ್ಲಿ ಅವರೇ ಹೆಚ್ಚು ನಂಬಿಕೆಗೆ ಅರ್ಹರು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಅವರ ಮುಂದೆ ನೀವು ಬಾಯಿ ಬಿಚ್ಚಿ ಮಾತನಾಡಬಲ್ಲಿರಾ? ವೈದ್ಯರು ಎಷ್ಟೇ ದೊಡ್ಡ ಪದವಿ ಪಡೆದಿದ್ದರೂ ಅವರೆದುರು ನಿಮ್ಮ ಮಾತು ಗಂಟಲಲ್ಲಿಯೇ ನಿಲ್ಲುವುದಾದರೆ ಅವರ ವಿದ್ಯೆಯ ಪೂರ್ಣ ಪ್ರಯೋಜನ ನಿಮಗೆ ದೊರೆಯದು. ಆದ್ದರಿಂದ ಮನೆಯ ಸಮೀಪದಲ್ಲಿ, ನಿಮ್ಮ ಕುಟುಂಬವನ್ನು ಬಲ್ಲ ಒಬ್ಬ ವೈದ್ಯರನ್ನು ಆರೋಗ್ಯವಾಗಿರುವಾಗಲೇ ಗೊತ್ತು ಮಾಡಿಕೊಳ್ಳಿ. ದೊಡ್ಡ ತಜ್ಞರು ಬೇಕೇ ಬೇಡವೇ, ಬೇಕಾದರೆ ಯಾವ ತಜ್ಞರು ಎಂಬುದನ್ನು ಅವರು ತಿಳಿಸುತ್ತಾರೆ. ಸ್ತ್ರೀಯರು ಸ್ತ್ರೀವೈದ್ಯರನ್ನೇ ಕಾಣಬಯಸಿದರೆ ಮನೆಯವರು ಅದನ್ನು ಅನಗತ್ಯ ಹಟವೆಂದು ತಳ್ಳಿಹಾಕಬಾರದು.

ಆರಿಸುತ್ತ ಕೂಡಬಾರದ ಸಂದರ್ಭಗಳೂ ಇವೆ. ಎದೆಯ ನಡುವೆ ಒತ್ತಿದಂತಹ ನೋವು, ತೀವ್ರ ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು, ಹಾವಿನ ಕಡಿತ, ಇದ್ದಕ್ಕಿದ್ದಂತೆ ಬಾಯಿ ವಾರೆಯಾಗಿ ಕೈಕಾಲು ಸೋಲುವುದು ಇವುಗಳಲ್ಲಿ 108ಕ್ಕೆ ಕರೆ ಮಾಡಿ ಸೌಕರ್ಯವುಳ್ಳ ಆಸ್ಪತ್ರೆಗೆ ತಕ್ಷಣ ಸಾಗಿಸಬೇಕು. ಲಕ್ವ ಹೊಡೆದವರನ್ನು ಗಾಡಿ ಮಾಡಿಕೊಂಡು ದೂರದ ಊರಿನ ನಾಟಿ ಔಷಧಿಗೆ ಕರೆದೊಯ್ಯುವ ರೂಢಿ ನಮ್ಮ ಭಾಗದಲ್ಲಿ ಇನ್ನೂ ಇದೆ. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಆ ಹೊತ್ತನ್ನು ದಾರಿಯಲ್ಲಿ ಕಳೆದುಕೊಂಡರೆ ಅದು ಮರಳಿ ಬಾರದು. ಆಯುರ್ವೇದದವನಾಗಿಯೇ ನಾನು ಈ ಮಾತನ್ನು ಹೇಳುತ್ತಿದ್ದೇನೆ. ನಮ್ಮ ಶಾಸ್ತ್ರದ ನೆರವು ಆ ಗಂಡಾಂತರ ಕಳೆದ ನಂತರದ್ದು.

ಹಿಂದಿನ ರಾತ್ರಿಯ ಸಿದ್ಧತೆ

ಒಂದು ಹಾಳೆ ತೆಗೆದುಕೊಳ್ಳಿ. ಬರೆಯಲು ಬಾರದ ಹಿರಿಯರು ಮೊಮ್ಮಕ್ಕಳಿಂದ ಬರೆಯಿಸಲಿ. ಮೊದಲ ಸಾಲಿನಲ್ಲಿ ಅತಿ ಮುಖ್ಯವಾದ ತೊಂದರೆ ಒಂದೇ ಇರಲಿ. ಅದು ಎಂದು ಆರಂಭವಾಯಿತು ಎಂಬುದು ಎರಡನೆಯದು. ‘ಬಹಳ ದಿನದಿಂದ’ ಎಂದರೆ ವೈದ್ಯರಿಗೆ ಏನೂ ತಿಳಿಯದು. ದಿನಾಂಕ ನೆನಪಿಲ್ಲದಿದ್ದರೆ ಯುಗಾದಿಗೆ ಮುಂಚೆಯೋ ನಂತರವೋ, ಜೋಳದ ರಾಶಿಯ ಹೊತ್ತಿಗೋ, ಊರ ಜಾತ್ರೆಯ ಸಮಯಕ್ಕೋ ಎಂದು ನೆನಪಿಸಿಕೊಳ್ಳಿ. ಬಳಿಕ, ಯಾವುದರಿಂದ ಹೆಚ್ಚುತ್ತದೆ, ಯಾವುದರಿಂದ ಕಡಿಮೆಯಾಗುತ್ತದೆ? ಉಂಡ ಮೇಲೋ, ಹಸಿದಾಗಲೋ, ನಡೆದಾಗಲೋ, ಮಲಗಿದಾಗಲೋ? ಹಸಿವು, ನಿದ್ರೆ, ಮಲ, ಮೂತ್ರ, ಸ್ತ್ರೀಯರಲ್ಲಿ ಮುಟ್ಟು ಇವುಗಳಲ್ಲಿ ಆಗಿರುವ ಬದಲಾವಣೆಯನ್ನು ಬರೆಯಿರಿ. ಅಂಗಿ ಸಡಿಲವಾಗಿದ್ದರೆ, ಬಳೆ ಜಾರುತ್ತಿದ್ದರೆ ಅದೂ ತೂಕ ಇಳಿದ ಸೂಚನೆ, ಅದನ್ನೂ ಸೇರಿಸಿ.

ಹೇಳಲು ನಾಚಿಕೆಯಾಗುವ ಸಂಗತಿಯನ್ನು ಮೊದಲು ಬರೆಯಿರಿ. ಬಾಯಿಂದ ಹೇಳಲಾಗದಿದ್ದರೆ ಆ ಹಾಳೆಯನ್ನೇ ವೈದ್ಯರ ಕೈಗಿಡಬಹುದು. ಮುಟ್ಟು ನಿಂತ ನಂತರದ ರಕ್ತಸ್ರಾವ, ಸ್ತನದಲ್ಲಿ ಗಂಟು, ಮಲದಲ್ಲಿ ರಕ್ತ, ಮೂತ್ರ ಹಿಡಿತ ತಪ್ಪುವುದು, ದಾಂಪತ್ಯದ ತೊಂದರೆ, ಮನಸ್ಸಿಗೆ ಬದುಕು ಬೇಡವೆನಿಸುವುದು, ಕುಡಿತ, ತಂಬಾಕು ಇವೆಲ್ಲವೂ ವೈದ್ಯರ ಕಿವಿಗೆ ಹೊಸವಲ್ಲ. ಮುಟ್ಟು ನಿಂತ ಮೇಲೆ ಒಂದೇ ಒಂದು ಬಾರಿ ರಕ್ತ ಕಂಡರೂ ಪರೀಕ್ಷೆ ಮಾಡಿಸಲೇಬೇಕು.

ಇನ್ನು ಔಷಧಿಗಳು. ಒಂದು ಚೀಲದಲ್ಲಿ ಮನೆಯಲ್ಲಿ ಸೇವಿಸುತ್ತಿರುವ ಎಲ್ಲವನ್ನೂ ಹಾಕಿಕೊಳ್ಳಿ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳಷ್ಟೇ ಅಲ್ಲ. ಚೂರ್ಣ, ಕಷಾಯ, ಲೇಹ್ಯ, ಕಣ್ಣಿನ ಹನಿ, ನೋವಿಗೆಂದು ಅಂಗಡಿಯಿಂದ ತಂದ ಗುಳಿಗೆ, ಪಕ್ಕದ ಮನೆಯವರು ಕೊಟ್ಟ ಪುಡಿ ಎಲ್ಲವೂ ಬರಲಿ. ‘ಆಯುರ್ವೇದವಲ್ಲವೇ, ಅದರಿಂದೇನೂ ಆಗದು’ ಎಂದು ಆಧುನಿಕ ವೈದ್ಯರಿಂದ ಮರೆಮಾಚುವವರು ಅನೇಕರು. ಗುಣ ಮಾಡುವ ಶಕ್ತಿಯುಳ್ಳ ದ್ರವ್ಯಕ್ಕೆ ಅಪಾಯ ಮಾಡುವ ಶಕ್ತಿಯೂ ಇರುತ್ತದೆ. ಕೆಮ್ಮಿಗೆ ಬಳಸುವ ಜ್ಯೇಷ್ಠಮಧುವನ್ನು ಹೆಚ್ಚು ಕಾಲ, ಹೆಚ್ಚು ಪ್ರಮಾಣದಲ್ಲಿ ಸೇವಿಸಿದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ಮಧುನಾಶಿನಿಯನ್ನು ಸಕ್ಕರೆ ಮಾತ್ರೆಗಳ ಜೊತೆಗೆ ಹೇಳದೆ ಕೇಳದೆ ತೆಗೆದುಕೊಂಡರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಚೀಟಿಯಿಲ್ಲದ, ಹೆಸರಿಲ್ಲದ ಪೊಟ್ಟಣದ ಪುಡಿ ಎರಡೇ ದಿನಗಳಲ್ಲಿ ಮೊಣಕಾಲು ನೋವನ್ನೋ ದಮ್ಮನ್ನೋ ಮಾಯ ಮಾಡಿದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರಬಹುದೆಂಬ ಸಂದೇಹವಿರಲಿ. ಅಂತಹುದನ್ನು ಬಹುಕಾಲ ತಿಂದವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪೊಟ್ಟಣ ಸಹಿತ ವೈದ್ಯರ ಬಳಿಗೆ ಹೋಗಿ.

ಹಳೆಯ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ. ಇ.ಸಿ.ಜಿ. ಕಾಗದದ ಗೆರೆಗಳು ಕಾಲಕ್ರಮದಲ್ಲಿ ಮಾಸಿಹೋಗುತ್ತವೆ. ಆದ್ದರಿಂದ ಮಾಡಿಸಿದ ದಿನವೇ ಅದರ ಜೆರಾಕ್ಸ್ ಪ್ರತಿ ತೆಗೆಸಿಡಿ. ಹಿಂದೆ ಆಗಿರುವ ಶಸ್ತ್ರಚಿಕಿತ್ಸೆ, ಯಾವುದಾದರೂ ಔಷಧಿಯಿಂದ ಮೈಮೇಲೆ ಗಂಧೆ ಎದ್ದದ್ದು ಅಥವಾ ಉಸಿರು ಕಟ್ಟಿದ್ದು, ತಂದೆತಾಯಿ ಒಡಹುಟ್ಟಿದವರಲ್ಲಿದ್ದ ದೊಡ್ಡ ರೋಗಗಳು ಇವು ಹಾಳೆಯ ಕೊನೆಯಲ್ಲಿರಲಿ.

ಬೆಳಿಗ್ಗೆ ಹೊರಡುವಾಗ

‘ವೈದ್ಯರು ನೋಡಲಿ’ ಎಂದು ಅಂದಿನ ಬಿ.ಪಿ. ಮಾತ್ರೆಯನ್ನು ಬಿಟ್ಟು ಬರುವವರಿದ್ದಾರೆ. ಅದರಿಂದ ಒತ್ತಡ ಏರಿ ಕಂಡು, ವೈದ್ಯರು ಔಷಧಿ ಹೆಚ್ಚಿಸುವ ಸಂಭವವಿದೆ. ಬೇರೆ ಸೂಚನೆಯಿಲ್ಲದಿದ್ದರೆ ಬಿ.ಪಿ. ಮಾತ್ರೆಯನ್ನು ಎಂದಿನಂತೆ ಸೇವಿಸಿ. ಒತ್ತಡ ಅಳೆಯುವುದಕ್ಕೆ ಅರ್ಧ ಗಂಟೆ ಮುಂಚಿನಿಂದ ಚಹಾ, ಕಾಫಿ, ತಂಬಾಕು ಬೇಡ. ಮೂತ್ರ ವಿಸರ್ಜಿಸಿ, ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ರಕ್ತ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕೇ ಎಂದು ಮೊದಲೇ ವಿಚಾರಿಸಿ. ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಕನಿಷ್ಠ 8 ಗಂಟೆ ಉಪವಾಸ ಬೇಕು, ನೀರು ಕುಡಿಯಬಹುದು. ಊಟವಿಲ್ಲದಿರುವಾಗ ಸಕ್ಕರೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಬಗೆಗೆ ಮಾತ್ರ ವೈದ್ಯರನ್ನು ಕೇಳಿಯೇ ನಡೆಯಬೇಕು. ಶ್ರಾವಣದ ಸೋಮವಾರ, ಶಿವರಾತ್ರಿಗಳಲ್ಲಿ ಉಪವಾಸವಿರುವ ಮಧುಮೇಹಿಗಳು ಅದನ್ನೂ ತಪ್ಪದೆ ಹೇಳಬೇಕು. ವೈದ್ಯರು ಬೈಯುತ್ತಾರೆಂದು ಮುಚ್ಚಿಟ್ಟು, ಮಾತ್ರೆ ನುಂಗಿ, ಉಪವಾಸ ಮಾಡಿ ಎಚ್ಚರ ತಪ್ಪಿದವರನ್ನು ನಾನು ಕಂಡಿದ್ದೇನೆ.

ಎಲೆಅಡಿಕೆ ಹಾಕಿಕೊಂಡು ಬರಬೇಡಿ. ಬಾಯಿ ಕೆಂಪಾಗಿದ್ದರೆ ನಾಲಿಗೆಯ ಬಿಳಿಚಿಕೆಯೂ ಕೆನ್ನೆಯೊಳಗಿನ ಹುಣ್ಣೂ ಕಾಣುವುದಿಲ್ಲ. ಉಗುರಿಗೆ ಬಣ್ಣವಿಲ್ಲದಿರಲಿ. ಜೊತೆಗೆ ಒಬ್ಬರು ಸಾಕು. ಅವರು ಬರೆದುಕೊಳ್ಳಲಿ, ರೋಗಿಯೇ ಮಾತನಾಡಲಿ. ಮಗ, ಸೊಸೆ, ಗಂಡ ಯಾರೇ ಬಂದಿದ್ದರೂ ‘ನಾನೊಬ್ಬಳೇ ಸ್ವಲ್ಪ ಮಾತನಾಡಬೇಕು’ ಎಂದು ಕೇಳುವ ಹಕ್ಕು ರೋಗಿಗಿದೆ. ಜೊತೆಗಿರುವವರು ತಾವಾಗಿಯೇ ಎದ್ದು ಹೊರಗೆ ನಿಂತರೆ ಇನ್ನೂ ಒಳ್ಳೆಯದು.

ವೈದ್ಯರ ಎದುರಿನಲ್ಲಿ

ಜನಸಂದಣಿಯ ಆಸ್ಪತ್ರೆಗಳಲ್ಲಿ, ಮಠದ ಆವರಣದಲ್ಲಿ ನಡೆಯುವ ಉಚಿತ ತಪಾಸಣಾ ಶಿಬಿರಗಳಲ್ಲಿ ಒಬ್ಬೊಬ್ಬರಿಗೆ ದೊರೆಯುವುದು ಕೆಲವೇ ನಿಮಿಷ. ಅಂತಹ ಕಡೆ ಈ ಹಾಳೆಯ ಬೆಲೆ ತಿಳಿಯುತ್ತದೆ. ಮುಖ್ಯ ತೊಂದರೆಯನ್ನು ಮೊದಲು ಹೇಳಿ. ‘ಗ್ಯಾಸ್ ಆಗಿದೆ’, ‘ಉಷ್ಣವಾಗಿದೆ’ ಎಂದು ರೋಗಕ್ಕೆ ಹೆಸರಿಡಬೇಡಿ. ಎಲ್ಲಿ, ಹೇಗೆ ಆಗುತ್ತಿದೆ ಎಂಬುದನ್ನು ಹೇಳಿ. ಹೃದಯಾಘಾತದ ನೋವನ್ನು ಗ್ಯಾಸ್ ಎಂದು ತಾವೇ ತೀರ್ಮಾನಿಸಿ ಕಾಲ ಕಳೆದವರುಂಟು.

ಏಳುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿ. ನನಗಿರುವ ತೊಂದರೆ ಏನು? ಈ ಔಷಧಿ ಏತಕ್ಕೆ, ಎಷ್ಟು ದಿನ? ನಾನು ಏನನ್ನು ಬಿಡಬೇಕು, ಏನನ್ನು ಮಾಡಬೇಕು? ಯಾವ ಲಕ್ಷಣ ಕಂಡರೆ ಹೇಳಿದ ದಿನಕ್ಕೂ ಮುಂಚೆ ಬರಬೇಕು? ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದರ್ಥ. ತಿಳಿದದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ವೈದ್ಯರಿಗೇ ಹೇಳಿ ತೋರಿಸಿ. ತಪ್ಪಿದ್ದರೆ ಅಲ್ಲಿಯೇ ತಿದ್ದುತ್ತಾರೆ.

ದೊಡ್ಡ ಶಸ್ತ್ರಚಿಕಿತ್ಸೆ ಸೂಚಿಸಿದಾಗ, ತುರ್ತು ಇಲ್ಲದಿದ್ದರೆ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದರಲ್ಲಿ ದ್ರೋಹವೇನಿಲ್ಲ. ಆದರೆ ಹಳೆಯ ಕಾಗದಗಳನ್ನು ಅಡಗಿಸಿ ಹೊಸ ವೈದ್ಯರನ್ನು ಪರೀಕ್ಷಿಸುವ ಚಪಲ ಬೇಡ. ಅಲ್ಲಿ ಪರೀಕ್ಷೆಗೊಳಗಾಗುವುದು ನಿಮ್ಮ ದೇಹವೇ. ಔಷಧಿಯಿಂದ ತೊಂದರೆಯಾಗಿ ನಿಲ್ಲಿಸಿದ್ದರೆ, ದುಬಾರಿಯೆಂದು ಕೊಳ್ಳದಿದ್ದರೆ ಮುಂದಿನ ಭೇಟಿಯಲ್ಲಿ ಹಾಗೆಯೇ ಹೇಳಿ. ನೀವು ನುಂಗದ ಮಾತ್ರೆ ಕೆಲಸ ಮಾಡಲಿಲ್ಲವೆಂದು ತಿಳಿದು ವೈದ್ಯರು ಅದಕ್ಕಿಂತ ಪ್ರಬಲವಾದುದನ್ನು ಬರೆಯುವಂತಾಗಬಾರದು. ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಕಡಿಮೆ ಬೆಲೆಗೆ ದೊರೆಯುತ್ತದೆಯೇ ಎಂದು ಕೇಳುವುದಕ್ಕೂ ಸಂಕೋಚ ಬೇಕಿಲ್ಲ.

ಕೊನೆಯ ಮಾತು

ಆ ತಾಯಿ ತೀರಿಕೊಂಡ ನಂತರ ನನ್ನ ಚಿಕಿತ್ಸಾಲಯದಲ್ಲಿ ಎರಡು ಬದಲಾವಣೆಗಳಾದವು. ಪರೀಕ್ಷೆಯ ಮೇಜಿನ ಸುತ್ತ ಒಂದು ಪರದೆ ಬಂತು. ಚೀಟಿ ಬರೆಯುವ ಮುನ್ನ, ಜೊತೆಗೆ ಬಂದವರನ್ನು ಒಂದು ನಿಮಿಷ ಹೊರಗೆ ಕಳುಹಿಸಿ, ‘ಇನ್ನೂ ಏನಾದರೂ ಹೇಳುವುದು ಉಳಿದಿದೆಯೇ?’ ಎಂದು ಕೇಳುವುದು ರೂಢಿಯಾಯಿತು. ಬಹಳ ಜನ ‘ಏನಿಲ್ರಿ’ ಎನ್ನುತ್ತಾರೆ. ಕೆಲವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ತಾವು ನಿಜವಾಗಿ ಯಾವುದಕ್ಕಾಗಿ ಬಂದಿದ್ದರೋ ಅದನ್ನು ಹೇಳುತ್ತಾರೆ.

ನಿಮ್ಮ ವೈದ್ಯರು ಈ ಪ್ರಶ್ನೆಯನ್ನು ಕೇಳಿದರೆ ಅವರನ್ನು ಬಿಡಬೇಡಿ. ಕೇಳದಿದ್ದರೆ, ಅವರು ಕೇಳಲಿಲ್ಲವೆಂದು ನೀವು ಹೇಳದೆ ಮರಳಬೇಡಿ.